ಮಂಗಳನ ಕುಳಿಗೆ ನಮ್ಮ ಊರಿನ ಹೆಸರು: ಅರ್ಜಿ ಹಾಕುವ ಸರಿಯಾದ ಕ್ರಮ

ಸೇಡಂ ಕಡೆಯ ಒಬ್ಬ ಮಾಸ್ತರರು, ಭಾಲ್ಕಿಯ ಕಾಲೇಜು ಹುಡುಗರು, ಸುರಪುರದ ಒಂದು ಗೆಳೆಯರ ಗುಂಪು. ಇವರೆಲ್ಲ ಬೇರೆ ಬೇರೆ ಸಮಯದಲ್ಲಿ ಅರ್ಜಿ ಬರೆದು ನನಗೆ ತೋರಿಸಿದರು. ಮಂಗಳ ಗ್ರಹದ ಒಂದು ಕುಳಿಗೆ ನಮ್ಮ ಊರಿನ ಹೆಸರು ಇಡಿ ಅನ್ನೋದು ಬೇಡಿಕೆ. ಮೂರರಲ್ಲೂ ತಪ್ಪು ಒಂದೇ. ಊರಿನ ಬಗ್ಗೆ ಎರಡು ಪುಟ ಬರೆದಿದ್ದರು. ಯಾವ ಕುಳಿ ಅನ್ನೋದಕ್ಕೆ ಒಂದು ಸಾಲೂ ಇರಲಿಲ್ಲ.

ಈ ಕೆಲಸದಲ್ಲಿ ಕುಳಿ ಮೊದಲು, ಹೆಸರು ಆಮೇಲೆ. ಈ ಕ್ರಮ ತಪ್ಪಿದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಅರ್ಜಿ ನಿಲ್ಲುವುದಿಲ್ಲ.

ಹೆಸರುಗಳಿಗೆ ಒಪ್ಪಿಗೆ ಕೊಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ, ಅಂದರೆ ಐಎಯು. ಒಪ್ಪಿದ ಹೆಸರುಗಳ ಪಟ್ಟಿಯನ್ನು ಅಮೆರಿಕದ ಭೂವಿಜ್ಞಾನ ಸಂಸ್ಥೆ ಯುಎಸ್‌ಜಿಎಸ್ ನೋಡಿಕೊಳ್ಳುತ್ತದೆ. ಆ ಪಟ್ಟಿಗೆ ಗೆಜೆಟಿಯರ್ ಅಂತ ಹೆಸರು. ಮಂಗಳನ ಸಣ್ಣ ಕುಳಿಗಳಿಗೆ ಊರಿನ ಹೆಸರು ಇಡುವುದರಲ್ಲಿ ಆ ಊರನ್ನು ಸ್ಮರಿಸುವ ಉದ್ದೇಶ ಇಲ್ಲ ಅಂತ ಅಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಕುಳಿಗಳು ಲಕ್ಷಗಟ್ಟಲೆ, ಹೆಸರುಗಳು ಜಾಸ್ತಿ ಬೇಕು, ಊರುಗಳು ಬೇಕಾದಷ್ಟಿವೆ. ಅಷ್ಟೇ. ಇದನ್ನು ಓದಿ ಬೇಜಾರು ಮಾಡಿಕೊಳ್ಳಬೇಡಿ. ನಮ್ಮಂಥ ಊರುಗಳಿಗೆ ಇದೇ ಅನುಕೂಲ. ನಮ್ಮ ಊರು ಎಷ್ಟು ದೊಡ್ಡದು ಅಂತ ಯಾರಿಗೂ ಸಾಧಿಸಿ ತೋರಿಸಬೇಕಿಲ್ಲ.

ಶುರು ಮಾಡುವ ಮೊದಲು ಬೇಕಾದದ್ದು

ಒಂದು ಕಂಪ್ಯೂಟರ್ ಮತ್ತು ಇಂಟರ್ನೆಟ್. ಮೊಬೈಲಿನಲ್ಲಿ ಇದು ಆಗುವುದಿಲ್ಲ, ಪ್ರಯತ್ನ ಪಡಬೇಡಿ.

ಜೆಮಾರ್ಸ್ ಎಂಬ ತಂತ್ರಾಂಶ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಡುತ್ತಾರೆ. ಮಂಗಳನ ಚಿತ್ರಗಳು, ಎತ್ತರದ ಮಾಹಿತಿ, ಅಳತೆ ಪಟ್ಟಿ ಎಲ್ಲ ಒಂದೇ ಕಡೆ ಸಿಗುತ್ತವೆ.

ಯುಎಸ್‌ಜಿಎಸ್ ಗೆಜೆಟಿಯರ್‌ನ ಮಂಗಳನ ವಿಭಾಗ. 2011ರ ಜನಗಣತಿಯ ನಿಮ್ಮ ಜಿಲ್ಲೆಯ ಕೈಪಿಡಿ. ಒಂದು ಒಳ್ಳೆಯ ಅಟ್ಲಾಸ್ ಅಥವಾ ಸರ್ವೆ ಆಫ್ ಇಂಡಿಯಾದ ನಕ್ಷೆ.

ಇವೆಲ್ಲಕ್ಕಿಂತ ಮುಖ್ಯವಾಗಿ ಗ್ರಹಗಳ ಮೇಲ್ಮೈ ಬಗ್ಗೆ ಸಂಶೋಧನೆ ಮಾಡುವ ಒಬ್ಬರು ಬೇಕು. ಅವರು ಯಾಕೆ ಬೇಕು ಅನ್ನೋದು 7ನೇ ಹಂತದಲ್ಲಿದೆ. ಅವರು ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ, 6ನೇ ಹಂತದವರೆಗಿನ ಕೆಲಸ ನೀವೇ ಮಾಡಬಹುದು.

ಹಂತ 1: ಯಾವ ಗ್ರಹ ಅಂತ ಗೊತ್ತು ಮಾಡಿಕೊಳ್ಳಿ

ಊರಿನ ಹೆಸರು ಎಲ್ಲ ಕಡೆ ನಡೆಯುವುದಿಲ್ಲ. ಒಂದೊಂದು ಗ್ರಹಕ್ಕೆ ಒಂದೊಂದು ಬಗೆಯ ಹೆಸರು ಗೊತ್ತು ಮಾಡಿದ್ದಾರೆ. ಶುಕ್ರನ ಕುಳಿಗಳಿಗೆ ಹೆಂಗಸರ ಹೆಸರು. ಬುಧನ ಕುಳಿಗಳಿಗೆ ಕವಿಗಳು, ಕಲಾವಿದರು. ಕಾಳಿದಾಸ, ತಾನ್‌ಸೇನ್ ಇಬ್ಬರೂ ಅಲ್ಲಿದ್ದಾರೆ. ಶನಿಯ ಉಪಗ್ರಹ ಟೈಟನ್‌ನ ಸರೋವರಗಳಿಗೆ ಭೂಮಿಯ ಸರೋವರಗಳ ಹೆಸರು. ಮಟಿಲ್ಡಾ ಎಂಬ ಕ್ಷುದ್ರಗ್ರಹದ ಕುಳಿಗಳಿಗೆ ಕಲ್ಲಿದ್ದಲು ಪ್ರದೇಶಗಳ ಹೆಸರು, ಅದರಲ್ಲಿ ನಮ್ಮ ದಾಮೋದರ್ ಕೂಡ ಇದೆ.

ಬುಧನ ಕಣಿವೆಗಳಿಗೆ ಪಾಳುಬಿದ್ದ ಹಳೆಯ ನಗರಗಳ ಹೆಸರು ಇಡುತ್ತಾರೆ. ರಾಷ್ಟ್ರಕೂಟರ ರಾಜಧಾನಿ ಆಗಿದ್ದ ಮಳಖೇಡಕ್ಕೆ ಇದು ಹೊಂದುತ್ತೆ ಅಂತ ಹಲವರು ಕೇಳುತ್ತಾರೆ. ಮಳಖೇಡದಲ್ಲಿ ಇವತ್ತಿಗೂ ಜನ ಇದ್ದಾರೆ, ಹಾಗಾಗಿ ಅದು ಪಾಳು ನಗರ ಅಲ್ಲ. ಅದನ್ನೂ ಮಂಗಳಕ್ಕೇ ಇಟ್ಟುಕೊಳ್ಳಿ.

ಮಂಗಳನಲ್ಲಿ ನಮಗೆ ಎರಡು ಬಾಗಿಲು ತೆರೆದಿವೆ. ಸುಮಾರು 50 ಕಿ.ಮೀ.ಗಿಂತ ಚಿಕ್ಕ ಕುಳಿಗಳಿಗೆ ಊರುಗಳ ಹೆಸರು, ಸಣ್ಣ ಕಣಿವೆಗಳಿಗೆ ನದಿಗಳ ಹೆಸರು. ಅದಕ್ಕಿಂತ ದೊಡ್ಡ ಕುಳಿ ತೀರಿಹೋದ ವಿಜ್ಞಾನಿಗಳಿಗೆ ಮತ್ತು ಮಂಗಳನ ಬಗ್ಗೆ ಬರೆದ ಲೇಖಕರಿಗೆ ಮೀಸಲು. ದೊಡ್ಡ ಕಣಿವೆಗಳಿಗೆ ಬೇರೆ ಬೇರೆ ಭಾಷೆಯಲ್ಲಿ ಮಂಗಳ ಗ್ರಹಕ್ಕಿರುವ ಹೆಸರು. ಅದಕ್ಕೇ ಅಲ್ಲಿ ಮಂಗಳ ವ್ಯಾಲೀಸ್ ಅಂತಲೇ ಒಂದು ಕಣಿವೆ ಇದೆ.

'ಸಣ್ಣ ಕುಳಿ' ಅನ್ನೋ ಮಾತಿಗೆ ಮೋಸಹೋಗಬೇಡಿ. ಕಲಬುರಗಿಯಿಂದ ಆಳಂದಕ್ಕೆ ಸುಮಾರು 40 ಕಿ.ಮೀ. ಅಷ್ಟು ಅಗಲದ ಕುಳಿಯೂ ಮಂಗಳನಲ್ಲಿ ಸಣ್ಣದೇ. ನಾಸಾದ ಪರ್ಸಿವಿಯರೆನ್ಸ್ ಗಾಡಿ 2021ರಲ್ಲಿ ಇಳಿದ ಜೆಜೆರೊ ಕುಳಿ ಸುಮಾರು 45 ಕಿ.ಮೀ. ಅಗಲ ಇದೆ. ಜೆಜೆರೊ ಅನ್ನೋದು ಬೋಸ್ನಿಯಾದ ಒಂದು ಪುಟ್ಟ ಊರು.

ಹಂತ 2: ಹೆಸರು ಬೇಕಾಗಿರುವ ಕುಳಿಯನ್ನು ಹುಡುಕಿ

ಜಾಸ್ತಿ ಜನ ಸೋಲುವುದು ಇಲ್ಲೇ. ಇದಕ್ಕೆ ಸಾಕಷ್ಟು ಸಮಯ ಕೊಡಿ.

ಮಂಗಳನಲ್ಲಿ 1 ಕಿ.ಮೀ. ಮತ್ತು ಅದಕ್ಕಿಂತ ದೊಡ್ಡ ಕುಳಿಗಳನ್ನು 2012ರಲ್ಲಿ ಪ್ರಕಟವಾದ ಒಂದು ಪಟ್ಟಿಯಲ್ಲಿ ಎಣಿಸಿದ್ದಾರೆ. 3,84,343 ಸಿಕ್ಕವು. ಅಧಿಕೃತ ಹೆಸರಿರುವ ಕುಳಿಗಳು ಇದರಲ್ಲಿ ತೀರಾ ಸ್ವಲ್ಪ. ಖಾಲಿ ಕುಳಿ ಇಷ್ಟೊಂದಿವೆ, ಯಾವುದಾದರೂ ಒಂದಕ್ಕೆ ಇಟ್ಟರಾಯಿತಲ್ಲ ಅಂತ ಅನ್ನಿಸುತ್ತೆ, ಅಲ್ವಾ? ನಿಯಮ ಹಾಗಿಲ್ಲ. ವಿಜ್ಞಾನದ ಕೆಲಸಕ್ಕೆ ಆ ಜಾಗವನ್ನು ಹೆಸರು ಹಿಡಿದು ಕರೆಯುವ ಅಗತ್ಯ ಬಂದಾಗ ಮಾತ್ರ ಹೆಸರು ಕೊಡುತ್ತಾರೆ. ಉದ್ದಗಲ 100 ಮೀಟರ್‌ಗಿಂತ ಕಡಿಮೆ ಇರುವ ಜಾಗಕ್ಕೆ ಸಾಮಾನ್ಯವಾಗಿ ಕೊಡುವುದೇ ಇಲ್ಲ.

ಅಗತ್ಯ ಅಂದರೆ ಏನು? ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿಗಳ ಉದಾಹರಣೆ ನೋಡಿ. ಅವರು ಮಂಗಳನ ಥಾರ್ಸಿಸ್ ಎಂಬ ಪ್ರದೇಶದ ಒಂದು 65 ಕಿ.ಮೀ. ಕುಳಿಯನ್ನು ಓದುತ್ತಿದ್ದರು. ಅದರ ಅಂಚಿನ ಮೇಲೆ ತಲಾ ಸುಮಾರು 10 ಕಿ.ಮೀ.ಯ ಇನ್ನೆರಡು ಕುಳಿಗಳಿದ್ದವು. ಮೂರಕ್ಕೂ ಹೆಸರಿರಲಿಲ್ಲ. ನೆಲದ ಕೆಳಗೆ ನೀರು ತಂದು ಹಾಕಿದ ಹೂಳಿನ ಗುರುತು ಅಲ್ಲಿದೆ ಅನ್ನೋದು ಅವರ ವಾದ. ಅದನ್ನು ವಿವರಿಸಲು ಮೂರನ್ನೂ ಮತ್ತೆ ಮತ್ತೆ ಹೇಳಬೇಕಿತ್ತು. 2024ರಲ್ಲಿ ಹೆಸರು ಸಿಕ್ಕಿತು. ದೊಡ್ಡದಕ್ಕೆ ಅದೇ ಸಂಸ್ಥೆಯ ನಿರ್ದೇಶಕರಾಗಿದ್ದ ದೇವೇಂದ್ರ ಲಾಲ್ ಅವರ ಹೆಸರು. ಚಿಕ್ಕ ಎರಡಕ್ಕೆ ಉತ್ತರ ಪ್ರದೇಶದ ಮುರ್ಸಾನ್, ಬಿಹಾರದ ಹಿಲ್ಸಾ. ಈ ಮೂರನ್ನು ಸರಿಯಾಗಿ ಗಮನಿಸಿದರೆ ಅರ್ಧ ನಿಯಮ ತಾನಾಗಿಯೇ ಅರ್ಥವಾಗುತ್ತದೆ.

ಹುಡುಕುವ ರೀತಿ ಹೀಗಿರಲಿ. ಜೆಮಾರ್ಸ್‌ನಲ್ಲಿ ಸಿಟಿಎಕ್ಸ್ ಕ್ಯಾಮೆರಾದ, ಅಂದರೆ ಮಂಗಳನನ್ನು ಸುತ್ತುವ ನಾಸಾದ ನೌಕೆಯಲ್ಲಿರುವ ಕ್ಯಾಮೆರಾದ, ಚಿತ್ರಗಳನ್ನು ತೆರೆಯಿರಿ. ಒಂದು ಚುಕ್ಕೆಗೆ ಸುಮಾರು 6 ಮೀಟರ್ ಬರುವಷ್ಟು ಸ್ಪಷ್ಟ ಚಿತ್ರಗಳಿವು. ಕುಳಿಯ ಒಳಗೋಡೆಯಲ್ಲಿ ಕೊರಕಲು ಇದೆಯಾ? ಒಳಗೆ ಹರಿದು ಬಂದ ಹಳೆಯ ಕಾಲುವೆಯ ಬಾಯಲ್ಲಿ ಬೀಸಣಿಗೆ ಆಕಾರದ ಹೂಳು ಇದೆಯಾ? ಸುತ್ತ ಚಿಮ್ಮಿದ ಮಣ್ಣು ಪದರ ಪದರವಾಗಿ ಉಳಿದಿದೆಯಾ? ಇಂಥದ್ದೇನಾದರೂ ಇದ್ದರೆ ಬರೆದಿಟ್ಟುಕೊಳ್ಳಿ. ಆಮೇಲೆ ಆ ಪ್ರದೇಶದ ಬಗ್ಗೆ ಇತ್ತೀಚೆಗೆ ಬಂದ ಸಂಶೋಧನಾ ಪ್ರಬಂಧಗಳನ್ನು ಓದಿ. "ಹೆಸರಿಲ್ಲದ ಕುಳಿ" ಅಂತ ಬರೆದು ಅಕ್ಷಾಂಶ ರೇಖಾಂಶ ಮಾತ್ರ ಕೊಟ್ಟಿರುವ ಪ್ರಬಂಧ ಸಿಕ್ಕರೆ ಅದು ಚಿನ್ನ. ಅಲ್ಲಿ ಅಗತ್ಯ ಆಗಲೇ ಇದೆ.

ನಮ್ಮ ಕಡೆಯವರಿಗೆ ಒಂದು ಮಾತು. ಆಳಂದ, ಬಸವಕಲ್ಯಾಣ ಕಡೆಯ ಎರೆಮಣ್ಣಿನ ಕೆಳಗೆ ಇರುವುದು ದಖನ್ನಿನ ಕಪ್ಪು ಶಿಲೆ, ಬಸಾಲ್ಟ್. ಮಹಾರಾಷ್ಟ್ರದ ಲೋಣಾರ್ ಕುಳಿ ಆಗಿರುವುದೂ ಇದೇ ಶಿಲೆಯಲ್ಲಿ. ಮಂಗಳನ ನೆಲವೂ ಬಹುಪಾಲು ಬಸಾಲ್ಟ್. ಮಂಗಳನಲ್ಲಿ ಲೋಣಾರ್ ಹೆಸರಿನ ಕುಳಿ ಈಗಾಗಲೇ ಇದೆ. ಭೂವಿಜ್ಞಾನ ಓದುತ್ತಿರುವ ಹುಡುಗ ಹುಡುಗಿಯರು ನಮ್ಮ ಹೊಲದ ಬದಿಯ ಕಲ್ಲಿನಿಂದಲೇ ಈ ಅಭ್ಯಾಸ ಶುರು ಮಾಡಬಹುದು.

ಹಂತ 3: ಹೆಸರು ಈಗಾಗಲೇ ಇದೆಯಾ ನೋಡಿ

ಗೆಜೆಟಿಯರ್‌ನಲ್ಲಿ ಮಂಗಳನನ್ನು 30 ತುಂಡುಗಳಾಗಿ ಮಾಡಿದ ನಕ್ಷೆಗಳಿವೆ. ನಿಮ್ಮ ಕುಳಿ ಇರುವ ತುಂಡನ್ನು ಇಳಿಸಿಕೊಳ್ಳಿ. ಅಲ್ಲಿ ಹೆಸರಿದ್ದರೆ ಕಥೆ ಮುಗಿಯಿತು, ಬೇರೆ ಕುಳಿ ನೋಡಿ. ಇದ್ದ ಹೆಸರನ್ನು ಬದಲಿಸಿ ಅಂತ ಕೇಳಬೇಡಿ.

ನಾಸಾದ ಗಾಡಿಗಳ ತಂಡದವರು ಕಲ್ಲು ಬಂಡೆಗಳಿಗೆ ತಮ್ಮ ಅನುಕೂಲಕ್ಕೆ ಹೆಸರು ಇಟ್ಟುಕೊಂಡಿರುತ್ತಾರೆ. ಅವು ಅಧಿಕೃತ ಅಲ್ಲ, ಈ ಪಟ್ಟಿಯಲ್ಲಿ ಸಿಗುವುದೂ ಇಲ್ಲ. ಪತ್ರಿಕೆಯಲ್ಲಿ ಓದಿದ ಹೆಸರನ್ನು ನಂಬಿ ಗೊಂದಲ ಮಾಡಿಕೊಳ್ಳಬೇಡಿ.

ಹಂತ 4: ಅಳತೆ ಸರಿಯಾಗಿ ತೆಗೆಯಿರಿ

ಕುಳಿಯ ನಡುಬಿಂದುವಿನ ಅಕ್ಷಾಂಶ, ರೇಖಾಂಶ, ಮತ್ತು ಅಂಚಿನಿಂದ ಅಂಚಿಗೆ ಅಗಲ. ಈ ಮೂರು ಬೇಕು. ಅಗಲವನ್ನು ಮೂರು ನಾಲ್ಕು ದಿಕ್ಕಿನಲ್ಲಿ ಅಳೆದು ಸರಾಸರಿ ತೆಗೆಯಿರಿ.

ಇಲ್ಲಿ ಎರಡು ತಪ್ಪು ಪದೇ ಪದೇ ಆಗುತ್ತವೆ.

ಮೊದಲನೆಯದು ರೇಖಾಂಶ. ಮಂಗಳನಲ್ಲಿ ಈಗ ಪೂರ್ವಕ್ಕೆ 0ಯಿಂದ 360ರವರೆಗೆ ಎಣಿಸುತ್ತಾರೆ. ಹಳೆಯ ನಕ್ಷೆಗಳಲ್ಲಿ ಪಶ್ಚಿಮಕ್ಕೆ ಎಣಿಸಿರುತ್ತಾರೆ. ಹಳೆಯ ನಕ್ಷೆಯಲ್ಲಿ ಪಶ್ಚಿಮ 150 ಅಂತ ಇದ್ದರೆ ಅದನ್ನು 360ರಿಂದ ಕಳೆದು 210 ಅಂತ ಬರೆಯಬೇಕು. ಸುಮ್ನೆ 150 ಅಂತ ಬರೆದರೆ ಸಾವಿರಾರು ಕಿ.ಮೀ. ದೂರದ ಇನ್ನೊಂದು ಜಾಗ ತೋರಿಸಿದಂತಾಗುತ್ತದೆ.

ಎರಡನೆಯದು ನಕ್ಷೆಯ ಎಳೆತ. ಗೋಳವನ್ನು ಚಪ್ಪಟೆ ಹಾಳೆಗೆ ತಂದಾಗ ಧ್ರುವಗಳ ಕಡೆ ಎಲ್ಲವೂ ಅಡ್ಡಕ್ಕೆ ಹಿಗ್ಗುತ್ತದೆ. 60 ಡಿಗ್ರಿ ಅಕ್ಷಾಂಶದಲ್ಲಿ ಕುಳಿ ಎರಡು ಪಟ್ಟು ಅಗಲ ಕಾಣುತ್ತದೆ. ಪರದೆ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ, ತಂತ್ರಾಂಶದ ಒಳಗಿರುವ ಅಳತೆ ಪಟ್ಟಿಯನ್ನೇ ಬಳಸಿ. ದುಂಡಗಿರಬೇಕಾದ ಕುಳಿಗಳೆಲ್ಲ ಮೊಟ್ಟೆಯಂತೆ ಅಡ್ಡ ಕಂಡರೆ ನಕ್ಷೆ ಎಳೆದಿದೆ ಅಂತ ಗುರುತು.

ಕೊನೆಗೆ ಕುಳಿಯ ಒಂದು ಚಿತ್ರ ತೆಗೆದು ಅಂಚನ್ನು ಗೆರೆಯಿಂದ ಗುರುತು ಮಾಡಿ. ಉತ್ತರ ಮೇಲಕ್ಕಿರಲಿ.

ಹಂತ 5: ಈಗ ಊರನ್ನು ಆರಿಸಿ

ಊರಿನ ಜನಸಂಖ್ಯೆ ಸುಮಾರು 1 ಲಕ್ಷದ ಒಳಗಿರಬೇಕು. ಹಾಗಾಗಿ ಕಲಬುರಗಿ ಆಗುವುದಿಲ್ಲ, 2011ರಲ್ಲೇ 5 ಲಕ್ಷದ ಮೇಲಿತ್ತು. ಬೀದರ್ ಕೂಡ ಆಗುವುದಿಲ್ಲ, 2 ಲಕ್ಷ ದಾಟಿತ್ತು. ಯಾದಗಿರಿ ಆಗ ಸುಮಾರು 74 ಸಾವಿರ ಇತ್ತು. ಜಿಲ್ಲಾ ಕೇಂದ್ರವಾದ ಮೇಲೆ ಊರು ಬೆಳೆದಿದೆ, ಹೊಸ ಅಂಕಿಯಲ್ಲಿ ಗಡಿ ದಾಟಬಹುದು. ಯಾದಗಿರಿಯನ್ನು ಮೊದಲ ಆಯ್ಕೆ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಆಮೇಲೆ ಹೆಸರಿನ ಅರ್ಥ. ರಾಜಕೀಯ, ಸೇನೆ, ಧರ್ಮ ಇವಕ್ಕೆ ಸಂಬಂಧಿಸಿದ ಹೆಸರನ್ನು ಐಎಯು ತೆಗೆದುಕೊಳ್ಳುವುದಿಲ್ಲ. ಗಾಣಗಾಪುರ ದತ್ತ ಕ್ಷೇತ್ರ ಅಂತಲೇ ಹೆಸರಾದ ಊರು. ಬಸವಕಲ್ಯಾಣ, ಗುರುಮಠಕಲ್ ಹೆಸರಿನಲ್ಲೇ ಧರ್ಮದ ಗುರುತಿದೆ. ಈ ಮೂರೂ ನಮಗೆ ಎಷ್ಟು ಪ್ರೀತಿಯ ಊರುಗಳು ಅಂತ ನನಗೆ ಗೊತ್ತು. ಆದರೂ ಈ ಕೆಲಸಕ್ಕೆ ಬೇಡ.

ಸುರಪುರದ ಗೆಳೆಯರು ತಮ್ಮ ಅರ್ಜಿಯಲ್ಲಿ ವೆಂಕಟಪ್ಪ ನಾಯಕರ 1857ರ ಹೋರಾಟವನ್ನು ಒಂದು ಪುಟ ಬರೆದಿದ್ದರು. ಊರಿನ ಹೆಸರಿಗೆ ಯಾವ ದೋಷವೂ ಇಲ್ಲ. ಆದರೆ ಯುದ್ಧದ ಕಥೆ ಹೇಳಿ ಹೆಸರು ಕೇಳಿದರೆ, ಇಲ್ಲದ ಅಡ್ಡಿಯನ್ನು ನಾವೇ ತಂದು ಇಟ್ಟಂತೆ. ಆ ಪುಟ ತೆಗೆಯಲು ಅವರಿಗೆ ಮನಸ್ಸಾಗಲಿಲ್ಲ. ನನಗೂ ಸಂಕಟವಾಯಿತು. ಕೊನೆಗೆ ತೆಗೆದರು.

ಮೂರನೆಯದು, ಅದೇ ಹೆಸರು ಬೇರೆ ಕಡೆ ಇರಬಾರದು. ಮಂಗಳನಲ್ಲಿ ಮಾತ್ರ ನೋಡಿದರೆ ಸಾಲದು, ಚಂದ್ರ, ಬುಧ, ಉಪಗ್ರಹ ಎಲ್ಲ ಕಡೆ ಹುಡುಕಿ. ಭೂಮಿಯ ಮೇಲೂ ಗೊಂದಲ ಕಡಿಮೆ ಇರುವ ಹೆಸರು ಒಳ್ಳೆಯದು. ಶಹಾಬಾದ್ ಅಂತ ಉತ್ತರ ಭಾರತದಲ್ಲೂ ಊರುಗಳಿವೆ, ಇರಾನಿನಲ್ಲೂ ಇವೆ. ಚಿಂಚೋಳಿ ಹೆಸರಿನ ಹಳ್ಳಿಗಳು ಮಹಾರಾಷ್ಟ್ರದ ತುಂಬ ಸಿಗುತ್ತವೆ. ಆಳಂದವನ್ನು ರೋಮನ್ ಲಿಪಿಯಲ್ಲಿ ಬರೆದರೆ ಫಿನ್‌ಲ್ಯಾಂಡಿನ ಓಲಂಡ್ ದ್ವೀಪದ ಹೆಸರಿನಂತೆಯೇ ಕಾಣುತ್ತದೆ.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ನನ್ನ ಲೆಕ್ಕದಲ್ಲಿ ಗಟ್ಟಿಯಾಗಿ ಉಳಿಯುವುದು ಭಾಲ್ಕಿ, ಸೇಡಂ, ಜೇವರ್ಗಿ, ಸನ್ನತಿ, ಮಳಖೇಡ. ಚಿಕ್ಕ ಹೆಸರುಗಳು. ಯಾವ ದೇಶದವರ ಬಾಯಿಗೂ ಹೊರಳುತ್ತವೆ. ನಕ್ಷೆಯ ಮೇಲೆ ಜಾಗವೂ ಕಡಿಮೆ ಸಾಕು.

ನೀವು ಆರಿಸಿದ್ದು ಕಣಿವೆ ಆದರೆ ಭೀಮಾ, ಕಾಗಿಣಾ, ಮಾಂಜ್ರಾ, ಬೆಣ್ಣೆತೊರೆ ಇವೆ. ಕೇರಳದ ಪೆರಿಯಾರ್ ನದಿಯ ಹೆಸರು 2025ರಲ್ಲಿ ಮಂಗಳನ ಒಂದು ಕಣಿವೆಗೆ ಹೋಯಿತು. ಭೀಮಾ ಪುರಾಣದ ಭೀಮನನ್ನು ನೆನಪಿಸುತ್ತದೆ, ಹಾಗಾಗಿ ನಾನಾಗಿದ್ದರೆ ಕಾಗಿಣಾ ಕೇಳುತ್ತಿದ್ದೆ.

ಒಂದೇ ಹೆಸರಿಗೆ ಜೋತು ಬೀಳದೆ ಎರಡು ಹೆಸರು ತಯಾರು ಮಾಡಿಕೊಳ್ಳಿ.

ಹಂತ 6: ಕಾಗುಣಿತ ಮತ್ತು ಆಧಾರ

ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮ್ಮ ಭಾಗಕ್ಕೆ ಇದು ದೊಡ್ಡ ತಲೆನೋವು. ಕನ್ನಡದಲ್ಲಿ ಒಂದು, ಉರ್ದು ದಾಖಲೆಯಲ್ಲಿ ಒಂದು, ರೈಲ್ವೆ ಬೋರ್ಡಿನಲ್ಲಿ ಇನ್ನೊಂದು. ಸುರಪುರ ಹಳೆಯ ಪುಸ್ತಕಗಳಲ್ಲಿ ಶೋರಾಪುರ ಆಗಿದೆ. ಸೇಡಂ ಕೊನೆಯಲ್ಲಿ ಕೆಲವರು ರೋಮನ್ ಎ, ಕೆಲವರು ಯು ಬರೆಯುತ್ತಾರೆ. ಜೇವರ್ಗಿಗೆ ವಿ ಮತ್ತು ಡಬ್ಲ್ಯು ಎರಡೂ ಇವೆ. ಗುಲಬರ್ಗಾ 2014ರ ನವೆಂಬರ್ 1ರಂದು ಅಧಿಕೃತವಾಗಿ ಕಲಬುರಗಿ ಆಯಿತು, ಆದರೆ ಅದಕ್ಕೂ ಹಿಂದಿನ ಜನಗಣತಿ ಕೈಪಿಡಿಯಲ್ಲಿ ಜಿಲ್ಲೆಯ ಹೆಸರು ಗುಲಬರ್ಗಾ ಅಂತಲೇ ಇರುತ್ತದೆ. ಪರಿಶೀಲಿಸುವವರಿಗೆ ಇದು ಗೊತ್ತಿರುವುದಿಲ್ಲ, ಅರ್ಜಿಯಲ್ಲಿ ಒಂದು ಸಾಲು ಬರೆದು ತಿಳಿಸಿ.

ಹೆಸರು ಮೂಲ ಭಾಷೆಯಲ್ಲಿ ಹೇಗಿದೆಯೋ ಹಾಗೇ ಹೋಗುತ್ತದೆ, ಅನುವಾದ ಮಾಡುವ ಹಾಗಿಲ್ಲ. ಬೆಣ್ಣೆತೊರೆಯನ್ನು ಇಂಗ್ಲಿಷಿನ ಬೆಣ್ಣೆ ಹೊಳೆ ಮಾಡಬೇಡಿ.

ಈಗ ಸರ್ಕಾರ ಬಳಸುವ ಕಾಗುಣಿತವನ್ನೇ ಹಿಡಿಯಿರಿ. ಆ ಕಾಗುಣಿತ ಅಕ್ಷರ ಅಕ್ಷರ ಹಾಗೇ ಇರುವ ಕನಿಷ್ಠ ಎರಡು ಅಚ್ಚಾದ ಆಧಾರ ಹುಡುಕಿ. ಜನಗಣತಿ ಕೈಪಿಡಿ ಒಂದಾದರೆ ಅಟ್ಲಾಸ್ ಅಥವಾ ಸರ್ವೆ ನಕ್ಷೆ ಇನ್ನೊಂದು. ವಿಕಿಪೀಡಿಯಾ ನಡೆಯುವುದಿಲ್ಲ. ಊರಿನ ಬಗ್ಗೆ ಬಂದ ಪತ್ರಿಕಾ ಬರಹವೂ ಬೇಡ. ಪುಟದ ಸಂಖ್ಯೆ ಬರೆದುಕೊಂಡು, ಆ ಪುಟದ ಫೋಟೊ ತೆಗೆದು ಒಂದು ಕಡತ ಮಾಡಿ. ಜನಸಂಖ್ಯೆ, ತಾಲೂಕು, ಜಿಲ್ಲೆ, ಕನ್ನಡ ಲಿಪಿಯಲ್ಲಿ ಹೆಸರು ಎಲ್ಲ ಅದರಲ್ಲಿರಲಿ.

ಹಂತ 7: ಸಂಶೋಧಕರ ಜೊತೆ ಕೂತು ಅರ್ಜಿ ತುಂಬಿ

ಯಾವ ಹೆಸರನ್ನಾದರೂ ಪರಿಗಣಿಸಿ ಅಂತ ಯಾರು ಬೇಕಾದರೂ ಸೂಚಿಸಬಹುದು. ಆದರೆ ಇಂಥ ಕುಳಿಗೆ ಇಂಥ ಹೆಸರು ಅಂತ ಕೇಳುವ ಅರ್ಜಿ ಆ ಮೇಲ್ಮೈಯನ್ನು ಓದುತ್ತಿರುವ ವಿಜ್ಞಾನಿಗಳಿಗಾಗಿ ಇದೆ. ಎರಡಕ್ಕೂ ಬಹಳ ವ್ಯತ್ಯಾಸ. ಮೊದಲನೆಯದರಲ್ಲಿ ಯಾವ ಭರವಸೆಯೂ ಇಲ್ಲ.

ಹಾಗಾದರೆ ಸಂಶೋಧಕರು ಎಲ್ಲಿ ಸಿಗುತ್ತಾರೆ? ಆಳಂದ ರಸ್ತೆಯ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ ಇದೆ. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ಜಿಲ್ಲಾ ವಿಜ್ಞಾನ ಕೇಂದ್ರ ಇವೆ. ಅಲ್ಲಿ ಹೋಗಿ ಮಾತಾಡಿ, ದಾರಿ ತೋರಿಸುವವರು ಸಿಗುತ್ತಾರೆ. ಇನ್ನೊಂದು ದಾರಿ, 2ನೇ ಹಂತದಲ್ಲಿ ಸಿಕ್ಕ ಪ್ರಬಂಧದ ಲೇಖಕರಿಗೆ ನೇರವಾಗಿ ಬರೆಯುವುದು. "ನೀವು ಹೆಸರಿಲ್ಲದೆ ಬಿಟ್ಟ ಕುಳಿಗೆ ನಿಯಮಕ್ಕೆ ಹೊಂದುವ ಹೆಸರೊಂದನ್ನು ಆಧಾರ ಸಮೇತ ತಯಾರು ಮಾಡಿದ್ದೇವೆ" ಅಂತ ನಾಲ್ಕು ಸಾಲು. ಹೆಸರು ಹುಡುಕಿ, ಆಧಾರ ಕೂಡಿಸುವುದು ಅವರಿಗೂ ಬೇಸರದ ಕೆಲಸವೇ. ಅದನ್ನು ನೀವು ಮುಗಿಸಿ ಕೈಗಿಟ್ಟರೆ ಕೇಳಿಸಿಕೊಳ್ಳುತ್ತಾರೆ.

ಅರ್ಜಿ ಇಂಗ್ಲಿಷಿನಲ್ಲಿದೆ, ಗೆಜೆಟಿಯರ್‌ನ ಜಾಲತಾಣದಲ್ಲೇ ತುಂಬಬೇಕು. ಕಾರಣ ಕೇಳುವ ಜಾಗದಲ್ಲಿ ಊರಿನ ವಿಷಯ ಬರೆಯಬೇಡಿ. ಅಲ್ಲಿ ಬರಬೇಕಾದದ್ದು ಇಂಥ ಮಾತು: "ಈ ಕುಳಿಯ ಉತ್ತರದ ಗೋಡೆಯಲ್ಲಿರುವ ಕೊರಕಲುಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದೇವೆ. ಹತ್ತಿರದಲ್ಲೇ ಹೆಸರಿಲ್ಲದ ಇನ್ನೂ ನಾಲ್ಕು ಕುಳಿಗಳಿರುವುದರಿಂದ ಯಾವುದು ಎಂದು ಹೇಳುವುದು ಕಷ್ಟವಾಗಿದೆ." ಹೆಸರಿನ ಮೂಲಕ್ಕೆ ಒಂದೇ ಸಾಲು ಸಾಕು: ಭಾರತದ ಕರ್ನಾಟಕ ರಾಜ್ಯದ ಒಂದು ಊರು. ಒಪ್ಪಿಗೆಯಾದ ಮೇಲೆ ಗೆಜೆಟಿಯರ್‌ನಲ್ಲಿ ಬರುವುದೂ ಅಷ್ಟೇ.

ಒಂದೇ ಸಲಕ್ಕೆ ಹತ್ತು ಕುಳಿ ಕೇಳಬೇಡಿ. ಹೆಸರುಗಳ ಸಂಖ್ಯೆ ಮಿತಿಮೀರಬಾರದು ಅನ್ನೋದೂ ನಿಯಮವೇ. ಒಂದು ಕೇಳಿ, ಹೆಚ್ಚೆಂದರೆ ಎರಡು.

ಎಚ್ಚರಿಕೆಯ ಗುರುತುಗಳು

ಯಾರಾದರೂ ದುಡ್ಡು ಕೇಳಿದರೆ ಅಲ್ಲೇ ನಿಲ್ಲಿಸಿ. ಐಎಯು ಹೆಸರು ಮಾರುವುದಿಲ್ಲ. ಹಣ ಕಟ್ಟಿಸಿಕೊಂಡು ಚಂದದ ಪ್ರಮಾಣಪತ್ರ ಕೊಡುವ ತಾಣಗಳ ಹೆಸರು ಯಾವ ವಿಜ್ಞಾನದ ನಕ್ಷೆಯಲ್ಲೂ ಬರುವುದಿಲ್ಲ. ನಮ್ಮ ಕಡೆ ಒಂದು ಶಾಲೆಯ ಮಕ್ಕಳು ತಲಾ ಇಷ್ಟು ಅಂತ ಕೂಡಿಸಿ ಹೀಗೆ ಕಟ್ಟಿದ್ದನ್ನು ನೋಡಿದ್ದೇನೆ. ಆ ಮಕ್ಕಳ ಮುಖ ನನಗೆ ಮರೆಯುವುದಿಲ್ಲ.

ಬದುಕಿರುವ ಯಾರದಾದರೂ ಹೆಸರು ಸೇರಿಸಿ ಅಂತ ಒತ್ತಾಯ ಬಂದರೆ ಒಪ್ಪಬೇಡಿ. ವ್ಯಕ್ತಿಯ ಹೆಸರಿಗೆ ಅವರು ತೀರಿ ಕನಿಷ್ಠ 3 ವರ್ಷ ಆಗಿರಬೇಕು.

"ಯಾವ ಕುಳಿ?" ಅಂತ ಕೇಳಿದಾಗ ತಂಡದಲ್ಲಿ ಯಾರೂ ತಕ್ಷಣ ಉತ್ತರ ಹೇಳದಿದ್ದರೆ 2ನೇ ಹಂತ ಆಗಿಲ್ಲ ಅಂತ ಅರ್ಥ.

ಹಂತ 8: ಕಳಿಸಿದ ಮೇಲೆ

ಅರ್ಜಿ ಮೊದಲು ಮಂಗಳನ ಹೆಸರುಗಳನ್ನು ನೋಡುವ ಉಪತಂಡಕ್ಕೆ ಹೋಗುತ್ತದೆ. ಆಮೇಲೆ ಇಡೀ ಸೌರವ್ಯೂಹದ ಹೆಸರುಗಳನ್ನು ನೋಡುವ ತಂಡಕ್ಕೆ. ಅವರು ಒಪ್ಪಿದರೆ ಗೆಜೆಟಿಯರ್‌ನಲ್ಲಿ ಏರುತ್ತದೆ. ಏರಿದ ಮೇಲೂ 3 ತಿಂಗಳ ಒಳಗೆ ಯಾರಾದರೂ ಗಟ್ಟಿ ಕಾರಣ ಕೊಟ್ಟು ಆಕ್ಷೇಪ ಹೇಳಬಹುದು.

ಗೆಜೆಟಿಯರ್‌ನಲ್ಲಿ ಏರುವವರೆಗೆ ಪ್ರಬಂಧದಲ್ಲಿ ಆ ಹೆಸರನ್ನು ಬಳಸುವ ಹಾಗಿಲ್ಲ. ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಫ್ಲೆಕ್ಸ್ ಹಾಕಿಸುವುದೂ ಬೇಡ. ಪ್ರಶ್ನೆ ಕೇಳಿ ಇಮೇಲ್ ಬಂದರೆ ಅದೇ ವಾರ ಉತ್ತರ ಕೊಡಿ. ಸಾಮಾನ್ಯವಾಗಿ ಪ್ರಶ್ನೆ ಬರುವುದು ಕಾಗುಣಿತದ ಬಗ್ಗೆ ಅಥವಾ ಆಧಾರದ ಬಗ್ಗೆ. ನಿಮ್ಮ ಕಡತದಲ್ಲಿ ಅದರ ಫೋಟೊ ಇರುತ್ತದೆ.

ವಾಪಸ್ ಬಂದರೆ ಕಾರಣವನ್ನು ನಿಧಾನವಾಗಿ ಓದಿ. ಹೆಸರಿನಲ್ಲಿ ತೊಂದರೆ ಅಂದಿದ್ದರೆ ಕುಳಿ ಅದೇ ಇರಲಿ, ಎರಡನೇ ಹೆಸರು ಕೊಡಿ. ಕುಳಿಗೆ ಹೆಸರಿನ ಅಗತ್ಯ ಕಾಣುತ್ತಿಲ್ಲ ಅಂದಿದ್ದರೆ ವಾದ ಮಾಡಬೇಡಿ. ಊರಿನ ಕಡತವನ್ನು ಹಾಗೇ ಎತ್ತಿಟ್ಟು, ಜೆಮಾರ್ಸ್ ತೆರೆದು ಮತ್ತೆ 2ನೇ ಹಂತದಿಂದ ಶುರು ಮಾಡಿ.